ಕವಡೆ ಹಾಕದ ದಿನ

ನಮ್ಮ ದೋಣಿಯ ವೈರ್‌ಲೆಸ್ ಪೆಟ್ಟಿಗೆಯ ಪಕ್ಕ ಒಂದು ಕರಟ, ಅದರಲ್ಲಿ ಏಳು ಕವಡೆಗಳಿದ್ದವು. ನಮ್ಮೂರ ಹನ್ನೊಂದು ದೋಣಿಗಳಲ್ಲೂ ಹೀಗೆಯೇ. ಎಲ್ಲರ ಮಾತಿಗೂ ಇದ್ದದ್ದು ಒಂದೇ ಚಾನೆಲ್, ಅದಕ್ಕೆ ಯಜಮಾನ ಅಂತ ಯಾರೂ ಇರಲಿಲ್ಲ. ಗುಂಡಿ ಒತ್ತಿ ಮಾತಾಡುವವನಿಗೆ ಬೇರೆ ದನಿ ಕೇಳದು. ಇಬ್ಬರು ಒಟ್ಟಿಗೆ ಒತ್ತಿದರೆ ಉಳಿದವರಿಗೆ ಬರೀ ಕರಕರ ಸದ್ದು. ಆಗ ಮೂರನೆಯವರು "ಕಲಸೋಯ್ತು!" ಎಂದು ಕೂಗುತ್ತಿದ್ದರು. ಇಬ್ಬರೂ ಕವಡೆ ಹಾಕಿ, ಎಷ್ಟು ಅಂಗಾತ ಬಿದ್ದವೋ ಅಷ್ಟು ಸಲ ಹತ್ತರವರೆಗೆ ಎಣಿಸಿ, ಆಮೇಲೆ ಮಾತಾಡಬೇಕು. ಹಾಕಿದರೋ ಇಲ್ಲವೋ ಎಂದು ನೋಡುವವರಿರಲಿಲ್ಲ. ಎಲ್ಲ ನಂಬಿಕೆಯ ಮೇಲೆ ನಡೆಯುತ್ತಿತ್ತು.

ನನಗೆ ಆ ನಂಬಿಕೆ ಹೋದದ್ದು ಇನ್ನೊಂದು ದೋಣಿಯ ಮಾಸ್ತಿ ಮೊಗೇರನ ದೆಸೆಯಿಂದ. ಮೀನಿನ ಹಿಂಡು ಕಂಡು ಮೊದಲು ಹೇಳಿದವರದೇ ಆ ಜಾಗ. ನಮ್ಮಿಬ್ಬರ ಮಾತು ಕಲಸಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಅವನ ದನಿ. ಒಂದು ಸಲ, ಸರಿ. ಒಂಬತ್ತು ಸಲ?

"ಅವ ಕವಡಿ ಮುಟ್ಟುದೇ ಇಲ್ಲ ಅಣ್ಣ," ಎಂದೆ.

ಚುಕ್ಕಾಣಿ ಹಿಡಿದಿದ್ದ ಅಣ್ಣ ದುರ್ಗಯ್ಯ ನಕ್ಕುಬಿಟ್ಟ. "ಅದು ಅವನ ಅದೃಷ್ಟ ಮಾರಾಯ. ನಿಂಗೆ ಹೊಟ್ಟೆಕಿಚ್ಚು."

ಹೊಟ್ಟೆಕಿಚ್ಚೇ ಇರಬೇಕು, ಈಗ ಒಪ್ಪುತ್ತೇನೆ. ದಡದಲ್ಲಿ ಮಾಸ್ತಿ ನಗುತ್ತ ಎದುರು ಬಂದರೂ ಆ ನಗುವಿನ ಹಿಂದೇನಿದೆ ಎಂದು ಹುಡುಕುತ್ತಿದ್ದೆ. ಕೊನೆಗೆ ನಾನೂ ಕವಡೆ ಹಾಕುವುದನ್ನು ಬಿಟ್ಟೆ.

ಅದೊಂದು ಬೆಳಿಗ್ಗೆ ದಟ್ಟ ಮಂಜು. ದೋಣಿಯ ಪಕ್ಕದಲ್ಲೇ ಹಿಂಡು ಕಂಡಿತು. ಗುಂಡಿ ಒತ್ತಿ ಹೇಳಿದೆ. "ಕಲಸೋಯ್ತು!" ಎಂದರು ಯಾರೋ. ಎಣಿಸದೆ ಮತ್ತೆ ಒತ್ತಿದೆ, ಮತ್ತೆ ಕಲಸಿತು. ಗುಂಡಿ ಬಿಟ್ಟಾಗ ಕೇಳಿದ್ದು ಮಾಸ್ತಿಯ ಮಾತಿನ ತುದಿ ಮಾತ್ರ. ಸಿಕ್ಕಿಬಿದ್ದೆಯಾ ಮಗನೆ, ಎಂದುಕೊಂಡೆ. ಅವನೂ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಏಳನೆಯ ಸಲ ಒತ್ತಿದ್ದಾಗ ದೋಣಿ ಬಂಡೆಗೆ ಬಡಿಯಿತು. ಮುರಿದ ಹಲಗೆಗಳ ನಡುವೆ ಅಣ್ಣನ ಬಲಗಾಲು ಸಿಕ್ಕಿತ್ತು. ಅವನನ್ನು ಬಿಡಿಸಿ ದಡ ಮುಟ್ಟಿಸಿದವನು ಮಾಸ್ತಿಯೇ. ಕಾಲು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ, ಅಣ್ಣನ ಎದುರೇ, ನಾಚಿಕೆಗೇಡಿ ನಾನು ಆಗಲೂ ಮಾಸ್ತಿಯನ್ನು ಕೇಳಿದೆ: "ನಿಜ ಹೇಳು. ನೀ ಕವಡಿ ಹಾಕಿದ್ಯಾ?"

"ಯಾವತ್ತೂ ಹಾಕ್ತೆ," ಎಂದ ಮಾಸ್ತಿ. "ಆ ದಿನ ಒಂದೇ ಹಾಕ್ಲಿಲ್ಲ. ಬಂಡೆ ಹತ್ರ ಬಲೆ ಬಿಟ್ಟಿದ್ದೆ, ನಿಮ್ಮ ಇಂಜಿನ್ ಸದ್ದು ಸೀದಾ ಅಲ್ಲಿಗೇ ಬರ್ತಿತ್ತು. ನೀ ಹ್ಯಾಂಗೂ ಎಣಿಸ್ತಾ ಇರ್ತಿ, ಅಷ್ಟ್ರಲ್ಲಿ ಮುಂದೆ ಬಂಡೆ ಅಂತ ಹೇಳಿಬಿಡ್ವ ಅಂದ್ಕಂಡೆ."

ಅಣ್ಣ ಮಂಚದ ಮೇಲೆ ತುಸು ಸರಿದು, ಕಾಲಿಲ್ಲದ ಕಡೆಯಲ್ಲಿ, ಮಾಸ್ತಿಗೆ ಕೂರಲು ಜಾಗ ಮಾಡಿಕೊಟ್ಟ.