ಕಾಮತ್ ಡಾಕ್ಟರ ಡುಪ್ಲಿಕೇಟ್ ಗಿಟಾರ್

ನಾನು ಒಂದು ಎಲೆಕ್ಟ್ರಿಕ್ ಗಿಟಾರ್. ಕ್ಷಮಿಸುವ ಗುಣ ನನ್ನಲ್ಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಳೆಯ ವಾದ್ಯಗಳೆಂದರೆ ಮಾಗಿದ ಮನಸ್ಸಿನವು, ಎಲ್ಲವನ್ನೂ ಮರೆತು ಮಧುರವಾಗಿ ನುಡಿಯುವಂಥವು ಎಂದು ಜನ ತಿಳಿದಿದ್ದಾರೆ. ನಾನು ಯಾವುದನ್ನೂ ಮರೆತಿಲ್ಲ.

ಹುಟ್ಟಿದ್ದು ಸಮುದ್ರದಾಚೆಯ ಒಂದು ಚಳಿಯ ಊರಿನಲ್ಲಿ, ವೆಲ್ಡನ್ ಎಂಬ ಕಾರ್ಖಾನೆಯಲ್ಲಿ. ಕಾರ್ಖಾನೆ ಎನ್ನುವುದೂ ಹೆಚ್ಚೇ. ಒಂದು ಶೆಡ್ಡು, ಮೂವರು ಗಂಡಸರು, ಒಬ್ಬಳು ಹೆಂಗಸು. ಗಂಡಸರು ಮರ ಕೊಯ್ದು, ಉಜ್ಜಿ, ಬಣ್ಣ ಬಳಿದು ನನ್ನ ಮೈ ಮಾಡಿದರು. ಸ್ವರ ಕೊಟ್ಟವಳು ಆ ಹೆಂಗಸು. ತಂತಿಯ ನಡುಕವನ್ನು ಹಿಡಿಯುವ ಅಯಸ್ಕಾಂತ ಒಂದು ನನ್ನ ಎದೆಯಲ್ಲಿದೆ. ಅದಕ್ಕೆ ಪಿಕಪ್ ಎನ್ನುತ್ತಾರೆ. ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಬೇಕು. ಅವಳು ಬಾಯಲ್ಲಿ ಎಣಿಸುತ್ತಾ ಕೈಯಲ್ಲಿ ಸುತ್ತುತ್ತಿದ್ದಳು. ಆ ಚಳಿಗಾಲದಲ್ಲಿ ಅವಳಿಗೆ ನೆಗಡಿಯಾಗಿತ್ತು. ಸೀನಿದಾಗಲೆಲ್ಲ ಎಣಿಕೆ ತಪ್ಪುತ್ತಿತ್ತು. ಕಡಿಮೆಯಾಗುವುದಕ್ಕಿಂತ ಹೆಚ್ಚಾಗಲಿ ಎಂದು ಇನ್ನಷ್ಟು ಸುತ್ತಿಬಿಡುತ್ತಿದ್ದಳು. ಆ ನೆಗಡಿಯ ವಾರದಲ್ಲಿ ಹುಟ್ಟಿದವರು ನಾವು ಹನ್ನೊಂದು ಮಂದಿ. ನಮ್ಮ ಸ್ವರ ಉಳಿದವರಿಗಿಂತ ದಪ್ಪ, ಸ್ವಲ್ಪ ಒರಟು. ಮೂವತ್ತು ವರ್ಷದ ಮೇಲೆ ಲೋಕದ ಗಿಟಾರ್ ವಾದಕರೆಲ್ಲ ಈ ಹನ್ನೊಂದನ್ನು ಹುಡುಕಿಕೊಂಡು ಅಲೆಯತೊಡಗಿದರು. ಒಬ್ಬ ಹೆಂಗಸಿನ ಸೀನಿಗೆ ಅವರು ಇಟ್ಟ ಹೆಸರುಗಳನ್ನು ಕೇಳಿದರೆ ನಗು ಬರುತ್ತದೆ: ದೈವೀ ಸ್ವರ, ಕಳೆದುಹೋದ ವಿದ್ಯೆ, ಇನ್ನೂ ಏನೇನೋ.

ನನ್ನನ್ನು ಮಂಗಳೂರಿಗೆ ತಂದವನು ಲಿಯೊ ಕ್ರಾಸ್ತಾ. ಪ್ರವಾಸಿ ಹಡಗೊಂದರ ಬ್ಯಾಂಡಿನಲ್ಲಿ ಬಾರಿಸುತ್ತಿದ್ದವನು. ಯಾವುದೋ ಬಂದರಿನ ಅಂಗಡಿಯಲ್ಲಿ ನನ್ನನ್ನು ಕಂಡು, ಊರಿನಲ್ಲಿ ಮನೆ ಕಟ್ಟಲು ಕೂಡಿಟ್ಟದ್ದನ್ನೆಲ್ಲ ಸುರಿದು ಕೊಂಡುಕೊಂಡ. ಮನೆ ಕಟ್ಟಲಿಲ್ಲ, ಮದುವೆಯೂ ಆಗಲಿಲ್ಲ. ಬೆರಳುಗಳಿಗೆ ವಾತ ಹಿಡಿದಾಗ ನನ್ನನ್ನು ಅಣ್ಣನ ಮಗಳ ಮಡಿಲಲ್ಲಿಟ್ಟು, "ಇನ್ನು ನಿನ್ನದು" ಎಂದ. ಹತ್ತೊಂಬತ್ತರ ಆ ಹುಡುಗಿಯ ಹೆಸರು ಅಪೊಲಿನ್. ಎಲ್ಲರ ಬಾಯಲ್ಲಿ ಪೊಲ್ಲಿ.

ಪೊಲ್ಲಿ ಮದುವೆಗಳಲ್ಲಿ ಬಾರಿಸುವ ಒಂದು ಬ್ಯಾಂಡ್ ಸೇರಿದಳು. ಬ್ಯಾಂಡಿನ ಹಿರಿಯ ಹಿಲರಿ ಲಸ್ರಾದೊ, ಬೇಸ್ ಗಿಟಾರ್ ಹಿಡಿಯುವವನು. ಆ ಕಾಲದಲ್ಲಿ ಬ್ಯಾಂಡಿನ ಹುಡುಗಿ ಎಂದರೆ ಹಾಡುವವಳು, ಇಲ್ಲವೇ ಹಿಂದೆ ನಿಂತು ಗಿಲಕಿ ಆಡಿಸುವವಳು. ಮುಂದೆ ನಿಂತು ಒಬ್ಬರೇ ಸೋಲೊ ಬಾರಿಸುವ ಜಾಗ ಗಂಡಸರದ್ದು. ಪೊಲ್ಲಿ ನನ್ನನ್ನು ಹೆಗಲಿಗೆ ಹಾಕಿಕೊಂಡು ಆ ಜಾಗದಲ್ಲಿ ನಿಂತಳು. ಮೊದಲ ದಿನ ಯಾರೋ, "ಈ ಹುಡುಗಿಗೆ ಅದರ ಭಾರ ತಡೀಲಿಕ್ಕೆ ಆಗ್ತದಾ?" ಎಂದರು. ಹಿಲರಿ, "ನೀವು ನಿಮ್ಮ ಪ್ಲೇಟಿನ ಭಾರ ನೋಡಿ" ಎಂದ.

ಹದಿನಾಲ್ಕು ವರ್ಷ. ಅವಳ ಎಡಗೈ ಬೆರಳ ತುದಿಗಳು ಗಟ್ಟಿಯಾದದ್ದು ನನ್ನಿಂದ. ನನ್ನ ಕೊರಳ ಹಿಂಬದಿಯ ಬಣ್ಣ ಸವೆದದ್ದು ಅವಳಿಂದ. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ ಒಬ್ಬಳು ಅತ್ತೆ ಖುಷಿಯಲ್ಲಿ ಪೊಲ್ಲಿಯ ಕೆನ್ನೆಗೂ ಹಚ್ಚಲು ಹೋಗಿ ನನ್ನ ಮೈಮೇಲೂ ಚೆಲ್ಲಿದಳು. ಆ ಕಲೆ ಹಾಗೇ ಉಳಿಯಿತು. ನನಗದು ಇಷ್ಟವಾಗಿತ್ತು.

ಬೇರೆ ಬ್ಯಾಂಡಿನ ಹುಡುಗರು ವೇದಿಕೆಯ ಹತ್ತಿರ ಬಂದು ನನ್ನ ತಲೆಯ ಮೇಲಿನ ಹೆಸರು ಓದುತ್ತಿದ್ದರು. "ಒಮ್ಮೆ ಹಿಡೀಲಿಕ್ಕೆ ಕೊಡ್ತೀರಾ ಅಕ್ಕ?" ಎನ್ನುವ ಮೊದಲೇ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡಿರುತ್ತಿದ್ದರು. ಆ ಹೆಸರು ಓದುವವರೆಗೆ ನನ್ನ ಸ್ವರ ಅವರಿಗೆ ಕೇಳಿಸುತ್ತಿರಲಿಲ್ಲ. ಓದಿದ ಮೇಲೆ ಬೇರೇನೂ ಕೇಳಿಸುತ್ತಿರಲಿಲ್ಲ. ನಾನು ಉಬ್ಬುತ್ತಿದ್ದೆ, ಸುಳ್ಳು ಯಾಕೆ.

ಇನ್ನು ಡಾಕ್ಟರು. ರೋಹಿದಾಸ ಕಾಮತ್, ಹಲ್ಲಿನ ಡಾಕ್ಟರು. ಊರಿನಲ್ಲಿ ಗಿಟಾರ್ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು. ಭಾನುವಾರ ಹಲ್ಲಿಗೆ ರಜೆ. ಅಂದು ಅದೇ ಕುರ್ಚಿಯ ಮೇಲೆ ಗಿಟಾರುಗಳನ್ನು ಮಲಗಿಸಿ, ಅದೇ ದೀಪ ಹಾಕಿ, ಬಾಯೊಳಗೆ ನೋಡುವ ಪುಟ್ಟ ಕನ್ನಡಿ ಹಿಡಿದು ಪರೀಕ್ಷಿಸುತ್ತಿದ್ದರು. ಮಹಡಿಯ ಮೇಲೆ ಅವರ ಸಂಗ್ರಹ. ಸ್ವತಃ ಅವರಿಗೆ ಬಾರಿಸಲು ಬರುತ್ತಿದ್ದದ್ದು ಮೂರು ಕಾರ್ಡ್, ಎಂದರೆ ಹಲವು ತಂತಿ ಒಟ್ಟಿಗೆ ಒತ್ತಿ ಹಿಡಿಯುವ ಮೂರು ಸ್ವರಗುಚ್ಛ.

ಒಂದು ಭಾನುವಾರ ಪೊಲ್ಲಿ ನನ್ನನ್ನು ಅಲ್ಲಿಗೆ ಒಯ್ದಳು. ಇಬ್ಬರ ಮನೆಮಾತೂ ಕೊಂಕಣಿ. ಆದರೆ ಎರಡು ಬೇರೆ ಕೊಂಕಣಿ, ಹಾಗಾಗಿ ಅವರು ಕನ್ನಡದಲ್ಲಿ ಮಾತಾಡುತ್ತಿದ್ದರು.

"ಎಂತ ಪೊಲ್ಲಿ, ಎಷ್ಟು ದಿನದಿಂದ ನೋವು?" ಎಂದರು ಡಾಕ್ಟರು.

"ವಾಲ್ಯೂಮ್ ತಿರುಗಿಸುವಾಗ ಕರಕರ ಹೇಳ್ತದೆ ಡಾಕ್ಟ್ರೇ. ಶನಿವಾರ ಮದುವೆ ಉಂಟು."

"ಬಾಯಿ ತೆಗೀಲಿಕ್ಕೆ ಹೇಳುವಾ."

ಅವರು ನನ್ನ ಹಿಂಬದಿಯ ಮುಚ್ಚಳ ತೆಗೆದರು. ಕನ್ನಡಿ ಹಿಡಿದರು. ವಿದ್ಯುತ್ ಅಳೆಯುವ ಮೀಟರಿನ ಎರಡು ಮುಳ್ಳುಗಳನ್ನು ಪಿಕಪ್ಪಿಗೆ ತಾಗಿಸಿದರು. ಅಂಕಿ ನೋಡಿದ ಅವರ ಕೈ ನಿಂತಿತು. ಮುಳ್ಳುಗಳನ್ನು ತೆಗೆದು ಇನ್ನೊಮ್ಮೆ ತಾಗಿಸಿದರು.

"ಇದು ಎಲ್ಲಿಂದ ಬಂದದ್ದು?"

"ಲಿಯೊ ಬಾಪ್ಪು ತಂದದ್ದಲ್ವಾ, ಹಡಗಿನಲ್ಲಿ ಇರುವಾಗ."

"ಬಂದರಿನವರು ಹಡಗಿನವರಿಗೆ ಹೀಗೇ ಕಟ್ಟುದು." ಡಾಕ್ಟರು ಮೆಲ್ಲನೆ ದೀಪ ಸರಿಸಿದರು. "ಬೇಸರ ಮಾಡ್ಬೇಡ ಮಾರಾಯ್ತಿ. ಇದು ಡುಪ್ಲಿಕೇಟ್."

"ತಮಾಷೆ ಮಾಡ್ಬೇಡಿ."

"ನನಗೆ ಎಂತ ಲಾಭ? ಪುಸ್ತಕದಲ್ಲಿ ಇರುವ ಅಳತೆ ಇದು. ಮೀಟರಿನಲ್ಲಿ ಬರುವುದು ಇದು. ತಾಳೆ ಆಗ್ತದಾ, ನೀನೇ ಹೇಳು."

ಪೊಲ್ಲಿ ಪುಸ್ತಕ ನೋಡಿದಳು, ಮೀಟರ್ ನೋಡಿದಳು. ಪುಸ್ತಕದ್ದು ಉಳಿದ ವೆಲ್ಡನ್‌ಗಳ ಅಳತೆ, ಹೆಚ್ಚು ಸುತ್ತಿದ ಆ ಹನ್ನೊಂದರ ಅಂಕಿ ಅದಕ್ಕಿಂತ ಜಾಸ್ತಿ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು.

"ಹದಿನಾಲ್ಕು ವರ್ಷ ಬಾರಿಸಿದ್ದೇನೆ ಡಾಕ್ಟ್ರೇ."

"ಚಂದ ಬಾರಿಸಿದ್ದಿ. ಯಾರಿಗೂ ಗೊತ್ತಾಗ್ಲಿಲ್ಲ ಅಲ್ವಾ."

ಈ ಕೊನೆಯ ಮಾತಿಗೆ ನಾನು ಸೇಡು ತೀರಿಸುತ್ತಿದ್ದೇನೆ. ಡುಪ್ಲಿಕೇಟ್ ಎಂದದ್ದಕ್ಕಲ್ಲ. ಆ ಮಾತಿನಿಂದ ಅವರು ಅವಳ ಹದಿನಾಲ್ಕು ವರ್ಷವನ್ನೇ ಒಂದು ಮೋಸವನ್ನಾಗಿ ಮಾಡಿಬಿಟ್ಟರು.

ಪಾಪ, ನಿನಗೆ ಬಾರಿಸಲಿಕ್ಕೆ ಒಂದು ಬೇಕಲ್ಲ ಎಂದು ತಮ್ಮ ಸಂಗ್ರಹದ ಹೊಸ ನೀಲಿ ಗಿಟಾರ್ ಒಂದನ್ನು ಬದಲಿಗೆ ಕೊಟ್ಟರು. "ಇದನ್ನು ಬಿಡಿಭಾಗಕ್ಕೆ ಇಟ್ಟುಕೊಳ್ತೇನೆ" ಎಂದರು. ಪೊಲ್ಲಿ ಹೋಗುವಾಗ ನನ್ನ ಕಡೆ ತಿರುಗಲಿಲ್ಲ. ಅವಳು ಗೇಟು ದಾಟುವ ಮೊದಲೇ ಡಾಕ್ಟರು ಯಾರಿಗೋ ಫೋನ್ ಮಾಡಿದರು. "ಸಿಕ್ಕಿತು ಮಾರಾಯ. ಆ ಹನ್ನೊಂದರಲ್ಲಿ ಒಂದು. ನಮ್ಮ ಊರಲ್ಲೇ ಇತ್ತು, ಮದುವೆ ಮನೆಯಲ್ಲಿ."

ಆರು ವರ್ಷ ನಾನು ಗಾಜಿನ ಕಪಾಟಿನಲ್ಲಿದ್ದೆ. ಹಗಲೂ ರಾತ್ರಿಯೂ ಎ.ಸಿ. ಡಾಕ್ಟರು ಹಲ್ಲು ಬೆಳಗಿಸುವ ಪೇಸ್ಟನ್ನು ಹತ್ತಿಯಲ್ಲಿ ಅದ್ದಿ ತೆಂಗಿನ ಹಾಲಿನ ಕಲೆಯನ್ನು ಉಜ್ಜಿ ತೆಗೆದರು. ಊಟ ಮಾಡಿ ಬಂದು ಎದುರು ಕೂರುತ್ತಿದ್ದರು, ತೇಗುತ್ತಿದ್ದರು, ನೋಡುತ್ತಿದ್ದರು. ಮುಟ್ಟುತ್ತಿರಲಿಲ್ಲ. ಕೆಳಗಿನ ಕ್ಲಿನಿಕ್ಕಿನ ಮಾತು ಮೆಟ್ಟಿಲೇರಿ ಬರುತ್ತಿತ್ತು. ಒಂದು ದಿನ ಹಿಲರಿಯ ಸ್ವರ ಕೇಳಿಸಿತು.

"ಪೊಲ್ಲಿ ಈಗ ಮುಂದೆ ನಿಲ್ಲುದಿಲ್ಲ ಡಾಕ್ಟ್ರೇ. ಹಿಂದೆ ಕೂತು ಬರೇ ಕಾರ್ಡ್ ಹಿಡೀತಾಳೆ. ಸೋಲೊ ಬಾರಿಸು ಅಂದ್ರೆ, ನನ್ನ ಕಿವಿಯನ್ನೇ ನಂಬ್ಲಿಕ್ಕೆ ಆಗುದಿಲ್ಲ ಅಂತಾಳೆ. ನೀವು ಅವತ್ತು ಆ ಗಿಟಾರ್ ನೋಡಿದ್ದು—"

"ಬಾಯಿ ದೊಡ್ಡದು ಮಾಡಿ. ಇನ್ನೂ. ಹಾಂ, ಹಾಗೇ ಇರಿ."

ನಾನು ಗಾಜಿನೊಳಗೆ ಕಾದೆ. ಇಂಥ ಮನುಷ್ಯ ತನ್ನ ನಿಧಿಯನ್ನು ಹೊರಗೆ ತಂದೇ ತರುತ್ತಾನೆಂದು ನನಗೆ ಗೊತ್ತಿತ್ತು. ಬೇರೆಯವರ ಹೊಟ್ಟೆ ಉರಿಯದಿದ್ದರೆ ವೆಲ್ಡನ್ ಇಟ್ಟುಕೊಂಡು ಏನು ಸುಖ?

ಆರನೆಯ ವರ್ಷ ಡಾಕ್ಟರು ಊರಿನ ಗಿಟಾರ್ ಕೂಟದ ಅಧ್ಯಕ್ಷರಾದರು. ಭಾನುವಾರ ಮಧ್ಯಾಹ್ನ ಒಂದು ಸಭಾಂಗಣದಲ್ಲಿ ಪ್ರದರ್ಶನ. ಬೆಂಗಳೂರಿನಿಂದ ಬೋಪಣ್ಣ ಎಂಬ ಹೆಸರುವಾಸಿ ವಾದಕ ಅತಿಥಿ. ನನ್ನನ್ನು ವೇದಿಕೆಯ ನಡುವೆ ನಿಲ್ಲಿಸಿ, ಪಕ್ಕದಲ್ಲಿ ಒಂದು ಫಲಕ ಇಟ್ಟರು: 'ವೆಲ್ಡನ್. ಲೋಕದ ಹನ್ನೊಂದರಲ್ಲಿ ಒಂದು.' ಮದುವೆ ಬ್ಯಾಂಡಿನವರಿಗೆ ಕರೆಯೋಲೆ ಹೋಗಿರಲಿಲ್ಲ.

ನಾನು ಒಂದು ಉಪಾಯ ಮಾಡಿಕೊಂಡಿದ್ದೆ. ಬೋಪಣ್ಣ ಮುಟ್ಟಿದ ಕೂಡಲೇ ಗುಂಯ್ ಎನ್ನಬೇಕು, ಕರಕರ ಎನ್ನಬೇಕು, ಡಾಕ್ಟರ ಮಾನ ಹರಾಜು ಹಾಕಬೇಕು. ಅಷ್ಟರಲ್ಲಿ ಮೂರನೆಯ ಸಾಲಿನಲ್ಲಿ ಹಿಲರಿ ಕಂಡ. ಕರೆಯದೆ ಬಂದಿದ್ದ, ಬಾಯಲ್ಲಿ ಡಾಕ್ಟರೇ ಕಟ್ಟಿಕೊಟ್ಟ ಹೊಸ ಹಲ್ಲಿನ ಸೆಟ್ಟು. ಕಲೆಯಿಲ್ಲದ ನನ್ನನ್ನು ಅವನು ಕಣ್ಣಿನಿಂದ ಗುರುತಿಸಲಾರ. ಕಿವಿಯಿಂದ ಗುರುತಿಸಬಲ್ಲ. ನಾನು ಉಪಾಯ ಬದಲಿಸಿದೆ. ಬೋಪಣ್ಣ ಮೊದಲ ತಂತಿ ಮೀಟಿದಾಗ ನನ್ನಲ್ಲಿದ್ದ ದಪ್ಪ ಸ್ವರವನ್ನೆಲ್ಲ ಕೊಟ್ಟೆ. ಪೊಲ್ಲಿಗೆ ಕೊಡುತ್ತಿದ್ದಷ್ಟೇ.

ಬೋಪಣ್ಣ ಕಣ್ಣು ಮುಚ್ಚಿಕೊಂಡ. ಮುಂದಿನ ಸಾಲಿನಲ್ಲಿ ಒಬ್ಬ ಎದೆಯ ಮೇಲೆ ಕೈಯಿಟ್ಟುಕೊಂಡ. ಹಿಲರಿ ಎದ್ದು ನಿಂತ.

"ಡಾಕ್ಟ್ರೇ, ಇದು ನಮ್ಮ ಪೊಲ್ಲಿಯದ್ದು."

"ಕೂತ್ಕೊಳ್ಳಿ ಹಿಲರಿ, ಆಮೇಲೆ ಮಾತಾಡುವಾ."

"ಹದಿನಾಲ್ಕು ವರ್ಷ ಇದರ ಪಕ್ಕ ನಿಂತವನು ನಾನು. ನೀವು ಡುಪ್ಲಿಕೇಟ್ ಅಂತ ಹೇಳಿ ಇಟ್ಟುಕೊಂಡದ್ದಲ್ವಾ? ಈಗ ಬೋರ್ಡಿನಲ್ಲಿ ಅಸಲಿ ಅಂತ ಉಂಟು. ಯಾವುದು ಸರಿ, ಹೇಳಿ."

ನಾನು ಡಾಕ್ಟರ ಮುಖ ನೋಡಿದೆ. ಅಸಲಿ ಎಂದರೆ ಅವರು ಕಳ್ಳ. ಡುಪ್ಲಿಕೇಟ್ ಎಂದರೆ ನಾನು ಕಸ. ಅವರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡು ನಕ್ಕರು.

"ಡುಪ್ಲಿಕೇಟೇ. ದೊಡ್ಡ ದೊಡ್ಡ ಕಿವಿಯವರು ಹೇಗೆ ಬೇಸ್ತು ಬೀಳ್ತಾರೆ ಅಂತ ತೋರಿಸ್ಲಿಕ್ಕೆ ಬೋರ್ಡ್ ಇಟ್ಟದ್ದು. ಒಂದು ಪರೀಕ್ಷೆ ಅಷ್ಟೇ."

ಬೋಪಣ್ಣ ಕಣ್ಣು ತೆರೆದ. ನನ್ನನ್ನು ಕೆಳಗಿಟ್ಟು, "ನನಗೂ ಎಲ್ಲೋ ಸ್ವಲ್ಪ ಡೌಟ್ ಬಂದಿತ್ತು" ಎಂದ. ಎದೆಯ ಮೇಲೆ ಕೈಯಿಟ್ಟುಕೊಂಡವನು ಕೈ ತೆಗೆದು, ಮೇಲಿನ ಸ್ವರಗಳು ಪ್ಲಾಸ್ಟಿಕ್ಕಿನ ಹಾಗಿದ್ದವು ಎಂದ. ಒಂದೇ ನಿಮಿಷದಲ್ಲಿ ನನ್ನ ಹೆಸರು ಹೋಯಿತು. ಸ್ವರ ಅದೇ ಇತ್ತು.

"ಡುಪ್ಲಿಕೇಟ್ ಆದ್ರೆ ಪೊಲ್ಲಿಗೆ ವಾಪಸ್ ಕೊಡಿ," ಎಂದ ಹಿಲರಿ. ಅಲ್ಲೇ ಅವಳಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಹಿಡಿದ. ನಡೆದದ್ದನ್ನು ಹೇಳಿದ. ಆರು ವರ್ಷದ ಮೇಲೆ ಅವಳ ಸ್ವರ ಕೇಳಿದೆ.

"ಬೇಡ ಹಿಲರಿ ಅಂಕಲ್. ಸುಳ್ಳು ಅಂತ ಗೊತ್ತಾದ ಮೇಲೆ ಅದರ ಮೇಲೆ ಬೆರಳಿಡ್ಲಿಕ್ಕೆ ನನ್ನಿಂದ ಆಗುದಿಲ್ಲ." ಮತ್ತೆ ಹೇಳಿದಳು, "ಅಸಲಿ ಅಂತ ಡಾಕ್ಟ್ರು ಒಂದು ಮಾತು ಹೇಳ್ಲಿ. ಈಗಲೇ ರಿಕ್ಷಾ ಹತ್ತಿ ಬರ್ತೇನೆ."

ಹಿಲರಿ ಫೋನನ್ನು ಡಾಕ್ಟರ ಬಾಯಿಯ ಹತ್ತಿರ ಹಿಡಿದ. ಊರಿನ ಎಲ್ಲರ ಬಾಯಿ ತೆರೆಸಿದ ಆ ಮನುಷ್ಯ ತನ್ನ ಬಾಯಿ ತೆರೆಯಲಿಲ್ಲ. ಪೊಲ್ಲಿ ಕಾದಳು. ಆಮೇಲೆ ಫೋನ್ ಕಟ್ ಆಯಿತು.

ಆ ದಿನದಿಂದ ನನಗೆ ಗಾಜಿನ ಕಪಾಟು ಇಲ್ಲ. ಡುಪ್ಲಿಕೇಟಿಗೆ ಎ.ಸಿ. ಯಾಕೆ ಎಂದು ಯಾರಾದರೂ ಕೇಳಿಯಾರು ಎಂದು ಡಾಕ್ಟರಿಗೆ ಭಯ. ಕ್ಲಿನಿಕ್ಕಿನ ಹಿಂದಿನ ಕೋಣೆಗೆ ಹಾಕಿದರು. ರೋಗಿಗಳ ಹಲ್ಲಿನ ಅಚ್ಚುಗಳನ್ನು ಇಡುವ ಕೋಣೆ ಅದು. ಮೂರು ಗೋಡೆಗೂ ಬಿಳಿ ಗಾರೆಯ ದವಡೆಗಳು. ಆದರೆ ಅವರು ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ಬಾಗಿಲು ಹಾಕಿಕೊಂಡು ಬಂದು, "ನಾಲ್ಕು ವರ್ಷ ಹೋಗ್ಲಿ, ಜನ ಮರೀತಾರೆ. ದೂರದವರಿಗೆ ಕೊಡುವಾ" ಎಂದು ನನಗೇ ಹೇಳಿದರು. ಆಗ ನನ್ನ ಕೆಲಸ ನನಗೆ ಸ್ಪಷ್ಟವಾಯಿತು.

ಗಿಟಾರಿನ ಆರು ತಂತಿಗಳು ಹಗಲಿರುಳು ಕೊರಳನ್ನು ಎಳೆಯುತ್ತಿರುತ್ತವೆ. ಬಾರಿಸದೆ ಇಡುವುದಾದರೆ ತಂತಿ ಸಡಿಲಿಸಬೇಕು. ಮೂರು ಕಾರ್ಡಿನ ಡಾಕ್ಟರು ಅವಸರದಲ್ಲಿ ಅದನ್ನು ಮರೆತಿದ್ದರು. ಜೂನ್ ಬಂತು. ಕರಾವಳಿಯ ಗಾಳಿ ಕಿಟಕಿಯಿಂದ ಒಳಬಂದು ಮರದೊಳಗೆ ಸೇರಿತು. ನಾನು ತಡೆಯಲಿಲ್ಲ. ತಂತಿ ಎಳೆದ ಕಡೆಗೆ ಬಾಗಿದೆ, ಒಂದೊಂದು ಕೂದಲೆಳೆಯಷ್ಟು. ಎರಡನೆಯ ಮಳೆಗಾಲಕ್ಕೆ, ಬಾಗದಂತೆ ತಡೆಯಲು ಕೊರಳೊಳಗೆ ಹಾಕಿದ ಉಕ್ಕಿನ ಸರಳೂ ಸೋತಿತು. ನೋವಾಗಲಿಲ್ಲವೇ ಎಂದರೆ, ಆಯಿತು. ನಾಲ್ಕು ಮಳೆಗಾಲ ಹಾಗೆ ಕಳೆದೆ.

ಐದನೆಯ ವರ್ಷ ಮೈಸೂರಿನಿಂದ ಒಬ್ಬರು ಹೆಂಗಸು ಬಂದರು, ಹಳೆಯ ಗಿಟಾರ್ ಕೊಳ್ಳುವವರು. ಡಾಕ್ಟರು ನನ್ನನ್ನು ಒರೆಸಿ, ಮೀಟರ್ ಹಚ್ಚಿ ಅಂಕಿ ತೋರಿಸಿದರು. ಆಕೆ ಅದನ್ನು ನೋಡಿ ತಲೆದೂಗಿದರು. ಆಮೇಲೆ ನನ್ನನ್ನು ಬಂದೂಕಿನ ಹಾಗೆ ಎತ್ತಿ, ಒಂದು ಕಣ್ಣು ಮುಚ್ಚಿ, ಕೊರಳ ಉದ್ದಕ್ಕೂ ನೋಡಿದರು.

"ಬಿಲ್ಲಾಗೋಗಿದೆಯಲ್ಲಾ ಡಾಕ್ಟ್ರೇ. ವೆಲ್ಡನ್‌ದು ನೆಕ್ ಬಾಗೋದೇ ಇಲ್ಲ. ಪ್ರಪಂಚಕ್ಕೇ ಗೊತ್ತಿರೋ ವಿಷಯ."

ಅದು ಶುದ್ಧ ಸುಳ್ಳು. ಬಾಗದ ಮರ ಲೋಕದಲ್ಲಿ ಇಲ್ಲ. ಆದರೆ ನಮ್ಮ ಕೀರ್ತಿ ಅಂಥದ್ದು. ನಾವು ಮಾಡಲಾರದ್ದನ್ನೂ ನಮ್ಮ ಹೆಸರಿಗೆ ಬರೆದಿಟ್ಟಿದ್ದಾರೆ.

"ಇದು ಅಸಲಿ. ಮಂಜುನಾಥನಾಣೆ," ಎಂದರು ಡಾಕ್ಟರು.

"ನೀವೇ ಡುಪ್ಲಿಕೇಟ್ ಅಂದಿದ್ರಂತೆ, ತುಂಬಿದ ಸಭೇಲಿ. ಬೋಪಣ್ಣ ಹೇಳ್ದ."

"ಆಗ ಹೇಳಿದ್ದು ಸುಳ್ಳು. ಆ ಹುಡುಗಿಗೆ ಹೇಳಿದ್ದೂ ಸುಳ್ಳು. ಅವಳ ಗಿಟಾರ್ ಅಸಲಿ, ಅವಳ ಕಿವಿ ಸರಿ ಇತ್ತು." ಡಾಕ್ಟರು ಮೀಟರನ್ನು ಮತ್ತೆ ಆಕೆಯ ಮುಂದೆ ಹಿಡಿದರು. "ನನ್ನನ್ನು ನಂಬಿ."

"ಎರಡು ಸಲ ಸುಳ್ಳು ಹೇಳ್ದೆ ಅಂತ ನೀವೇ ಒಪ್ಕೊಂಡ್ರಿ. ಮೂರನೇದನ್ನ ನಾನು ಯಾವ ಲೆಕ್ಕದಲ್ಲಿ ನಂಬ್ಲಿ ಸಾರ್?" ಆಕೆ ನನ್ನನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು ಹೊರಟುಹೋದರು.

ಡಾಕ್ಟರು ನೆಲದ ಮೇಲೆ ಕುಳಿತರು. ನನ್ನನ್ನು ಮಡಿಲಿಗೆ ಎಳೆದುಕೊಂಡು ತಮಗೆ ಬರುವ ಮೂರು ಕಾರ್ಡ್ ಬಾರಿಸಲು ನೋಡಿದರು. ತಂತಿಗಳು ಮರದಿಂದ ಎಷ್ಟು ಮೇಲೆ ಎದ್ದಿದ್ದವೆಂದರೆ ಒತ್ತಲಾಗದೆ ಬೆರಳು ಕೊಯ್ದುಹೋಯಿತು. ನಾನು ಅಸಲಿ ಎಂದು ಲೋಕದಲ್ಲಿ ಖಚಿತವಾಗಿ ಗೊತ್ತಿರುವುದು ಅವರೊಬ್ಬರಿಗೆ. ಅವರ ಮಾತಿಗೆ ಇನ್ನು ಬೆಲೆಯಿಲ್ಲ. ನಾನು ಬಯಸಿದ್ದು ಇದನ್ನೇ. ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ಆದರೂ ಈ ಕೋಣೆಯಲ್ಲಿ ಯೋಚಿಸಲು ಸಮಯ ಬಹಳ. ಪೊಲ್ಲಿ ಕೇಳಿದ ಆ ಒಂದು ಮಾತನ್ನು ಡಾಕ್ಟರು ಕೊನೆಗೂ ಹೇಳಿದರು, ಅದು ಬೇಕಿಲ್ಲದವರೊಬ್ಬರ ಎದುರು. ನಾಳೆ ಅದನ್ನೇ ಅವಳಿಗೆ ಹೇಳಿದರೂ, ಅವಳು ರಿಕ್ಷಾ ಹತ್ತಿ ಬಂದರೂ, ಈ ಕೊರಳಿನ ಮೇಲೆ ಅವಳ ಬೆರಳು ಒಂದು ಸ್ವರವನ್ನೂ ಹಿಡಿಯಲಾರದು. ಅವಳಿಂದ ನನ್ನನ್ನು ಕಿತ್ತುಕೊಂಡವರು ಅವರು. ಇನ್ನೆಂದೂ ಸಿಗದ ಹಾಗೆ ಮಾಡಿದವನು ನಾನು. ಇದೊಂದರ ಸೇಡನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ನನಗೆ ತಿಳಿಯುತ್ತಿಲ್ಲ.