‘ಬರುತ್ತೆ’ ಎನ್ನುವ ಅತ್ತೆ

ನನ್ನ ಸೋದರತ್ತೆ ಬೀದಿಯಲ್ಲಿ ನಡೆದು ಬರುವುದನ್ನು ದೂರದಿಂದ ಕಂಡವರಿಗೆ, ಅವಳು ಯಾರ ಮೇಲೋ ಜಗಳಕ್ಕೆ ಹೊರಟಿದ್ದಾಳೆಂದೇ ತೋರುತ್ತಿತ್ತು. ಎರಡೂ ಮೊಣಕೈ ಹಿಂದಕ್ಕೆ ಸೆಟೆದು, ಎದೆ ಮುಂದಾಗಿ, ಮೈಮೇಲೆ ಬೂದುಬಣ್ಣದ ಗಂಡಸರ ಕೋಟೊಂದು ಅವಳೊಡನೆ ಹಗ್ಗಜಗ್ಗಾಟ ಆಡುತ್ತಿತ್ತು. ಆ ಗತ್ತಿನಲ್ಲಿ ಅರ್ಧ ಅವಳದು, ಉಳಿದರ್ಧ ಕೋಟಿನದು. ಏಕೆಂದರೆ ಅದರ ಎಡತೋಳು ಬಲಕ್ಕೂ ಬಲತೋಳು ಎಡಕ್ಕೂ ಕೂತಿತ್ತು. ಹೊಲಿದವಳು ಅವಳೇ.

ಗಂಡನ ಮನೆಗೆ ಬೆನ್ನು ತಿರುಗಿಸಿ, ನಲವತ್ತರ ಹೊಸ್ತಿಲಲ್ಲಿ, ಒಂದು ಪೆಟ್ಟಿಗೆ ಹಿಡಿದು ಅವಳು ಅಣ್ಣನ ಮನೆಗೆ, ಎಂದರೆ ನಮ್ಮ ಮನೆಗೆ, ಬಂದಳು. ಅಪ್ಪ ಕೆಟ್ಟವರಲ್ಲ, ಕೇಳಿದಾಗ ಇಲ್ಲ ಎಂದವರೂ ಅಲ್ಲ. ಆದರೆ ಕೊಡುವ ಮುನ್ನ ಕನ್ನಡಕವನ್ನು ಹಣೆಗೇರಿಸಿ ‘ಯಾತಕ್ಕೆ?’ ಎನ್ನುತ್ತಿದ್ದರು. ಸೋಪಿಗೆ, ತಲೆನೋವಿನ ಮಾತ್ರೆಗೆ, ಹೆಂಗಸೊಬ್ಬಳು ಅಣ್ಣನೆದುರು ಬಾಯಿಬಿಟ್ಟು ಹೇಳಲಾರದ ಖರ್ಚಿಗೆ, ಎಲ್ಲಕ್ಕೂ ಅದೇ ‘ಯಾತಕ್ಕೆ?’. ಅನ್ನದ ಹಂಗನ್ನು ಹೇಗೋ ನುಂಗಿಕೊಂಡ ಅತ್ತೆಗೆ ಆ ಪ್ರಶ್ನೆ ಮಾತ್ರ ಗಂಟಲಿನಿಂದ ಕೆಳಗಿಳಿಯಲಿಲ್ಲ. ಯಾತಕ್ಕೆಂದು ಯಾರಿಗೂ ಹೇಳದೆ ಖರ್ಚು ಮಾಡುವಷ್ಟು ಸ್ವಂತ ದುಡಿಮೆ, ಒಳಗಿನಿಂದ ಅಗುಳಿ ಹಾಕಿಕೊಳ್ಳಬಹುದಾದ ಒಂದು ಕೋಣೆ, ಇಷ್ಟೇ ಅವಳಿಗೆ ಬೇಕಾಗಿತ್ತು.

ಅದಕ್ಕೆ ಕೈಯಲ್ಲೊಂದು ಕಸುಬು ಬೇಕು. ಬೀದಿಯ ಕೊನೆಯ ವೃದ್ಧ ದರ್ಜಿ ಕೋಟು ಹೊಲಿಯಲು ಬರುತ್ತದೆಯೇ ಎಂದು ಕೇಳಿದಾಗ, ಗುಂಡಿ ಹಚ್ಚುವುದಕ್ಕಿಂತ ಹೆಚ್ಚಿನದೇನನ್ನೂ ಅರಿಯದ ಈ ಮಹಾತಾಯಿ ರೆಪ್ಪೆ ಮಿಟುಕಿಸದೆ ‘ಬರುತ್ತೆ’ ಎಂದುಬಿಟ್ಟಳು. ಅವಳ ಪ್ರಥಮ ಕೃತಿಯನ್ನು ತೊಟ್ಟ ಗಿರಾಕಿಗೆ ಕನ್ನಡಿಯೆದುರು ತಲೆ ಬಾಚಿಕೊಳ್ಳಲೂ ಕೈ ಎತ್ತಲಾಗಲಿಲ್ಲ. ಆತ ಕೋಟನ್ನು ಬಿಸಾಡಿ ಹೋದ ಮೇಲೆ ದರ್ಜಿ ತಲೆಯ ಮೇಲೆ ಕೈಹೊತ್ತು ಕೂತರು.

‘ಬರುತ್ತೆ ಅಂದ್ಯಲ್ಲಮ್ಮ?’

‘ಬರುತ್ತೆ ಅಂದೆ. ಬಂದಿದೆ ಅನ್ನಲಿಲ್ಲ.’

ಮುದುಕರು ನಗು ತಡೆಯಲಾಗದೆ, ಹೊಟ್ಟೆ ಹಿಡಿದುಕೊಂಡು, ಕುರ್ಚಿ ಎಳೆದು ಪಕ್ಕದಲ್ಲೇ ಕೂರಿಸಿಕೊಂಡು ಕಲಿಸತೊಡಗಿದರಂತೆ. ಕೆಟ್ಟ ಬಟ್ಟೆಯ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಂಡರು, ಕೋಟು ಅವಳದಾಯಿತು. ಕಣ್ಣು ಮುಚ್ಚಿ ತೋಳು ಕೂರಿಸುವಷ್ಟು ಕೈ ಪಳಗಿದ ಮೇಲೂ ಅವಳು ಅದನ್ನು ಬಿಚ್ಚಿ ಸರಿಮಾಡಲಿಲ್ಲ. ಬೀದಿಯ ಜನ ನಗುತ್ತಾರೆ ಕಣೇ ಎಂದು ಅಮ್ಮ ಗೋಗರೆದರೆ, ನಗುವವರಿಗೂ ಒಂದು ಕೆಲಸ ಬೇಡವೇ ಎನ್ನುತ್ತಿದ್ದಳು. ಆ ಅಂಗಡಿಯಲ್ಲೇ ಅವಳಿಗೆ ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡು ಬಾಯಿಯ ಒಂದೇ ಮೂಲೆಯಿಂದ ಮಾತಾಡುವ ಅಭ್ಯಾಸ ಅಂಟಿತು. ಪಿನ್ನಿಲ್ಲದಾಗಲೂ ಆ ಮೂಲೆಯಿಂದಲೇ ಮಾತು ಬರುತ್ತಿತ್ತು.

ಹೊಲಿಗೆಯಿಂದ ಸೋಪಿನ ಖರ್ಚು ಹುಟ್ಟಿತು, ಕೋಣೆಯ ಬಾಡಿಗೆ ಹುಟ್ಟಲಿಲ್ಲ. ಅಷ್ಟರಲ್ಲಿ ಅಂಗಡಿಯ ಮೆಷಿನ್ನು ಕೆಟ್ಟಿತು. ರಿಪೇರಿಯವನು ‘ನಾಳೆ’ ಎಂಬ ಮಂತ್ರ ಜಪಿಸುತ್ತಲೇ ಇದ್ದ. ಅತ್ತೆ ಅದನ್ನು ಬಿಚ್ಚಿ ಹಳೆಯ ದುಪ್ಪಟಿಯ ಮೇಲೆ ಹರಡಿ, ಒರೆಸಿ, ಎಣ್ಣೆ ಬಿಟ್ಟು, ಮತ್ತೆ ಜೋಡಿಸಿದಳು. ಎರಡು ಸ್ಕ್ರೂ ಹೆಚ್ಚಿಗೆ ಉಳಿದವು, ಮೆಷಿನ್ನು ಓಡಿತು. ಆ ಸ್ಕ್ರೂಗಳು ಎಲ್ಲಿಯವೆಂದು ತಿಳಿಯಲು ಅವಳು ಎಷ್ಟು ಮೆಷಿನ್ನುಗಳನ್ನು ಬಿಚ್ಚಿದಳೋ ದೇವರೇ ಬಲ್ಲ. ತಿಳಿಯುವ ಹೊತ್ತಿಗೆ ಅಕ್ಕಪಕ್ಕದ ಬೀದಿಯ ಅಂಗಡಿಗಳೆಲ್ಲ ಅವಳನ್ನೇ ಕರೆಯುತ್ತಿದ್ದವು. ಆಮೇಲೆ ಮೆಷಿನ್ನು ಮಾರುವ ವ್ಯಾಪಾರಿಯೊಬ್ಬ, ಮನೆಮನೆಗೆ ಮೆಷಿನ್ನು ತಲುಪಿಸಿ ಕೂರಿಸಿ ಕೊಡಬೇಕು, ವ್ಯಾನು ಓಡಿಸಲು ಬರುತ್ತದೆಯೇ ಎಂದ. ಉತ್ತರ ಏನೆಂದು ನಾನು ಹೇಳಬೇಕಾಗಿಲ್ಲ. ಕಲಿಯುವ ಭರದಲ್ಲಿ ಹಿಂದಕ್ಕೆ ತೆಗೆದ ವ್ಯಾನು ನಮ್ಮ ಗೇಟಿನ ಕಂಬವನ್ನು ಉರುಳಿಸಿತು. ಗಾರೆ ಕೆಲಸವೂ ಬರುತ್ತೆ ಎಂದು ಅವಳೇ ಕಟ್ಟಿದ ಕಂಬ ಇಂದಿಗೂ ಬೀದಿಯ ಕಡೆಗೆ ವಾಲಿಕೊಂಡೇ ನಿಂತಿದೆ.

ಅಂದು ಅಪ್ಪನ ಸಹನೆ ಮುಗಿಯಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ, ಈ ವಯಸ್ಸಲ್ಲಿ ಇದೆಲ್ಲ ಬೇಕಾ ಎಂದು ಕೂಗಾಡಿದರು. ಗಾರೆ ಮೆತ್ತಿದ ಕೈಯನ್ನು ಕೋಟಿಗೇ ಒರೆಸಿಕೊಳ್ಳುತ್ತ ಅತ್ತೆ ಬಾಯಿಯ ಮೂಲೆಯಿಂದ ಹೇಳಿದಳು:

‘ನಾನು ಕಲೀತಿರೋದು ಬಗ್ಗೋಕಲ್ಲ ಅಣ್ಣ.’

ಹೊಲಿಗೆ, ರಿಪೇರಿ, ವ್ಯಾನು ಮೂರೂ ಕೂಡಿದ ಮೇಲೆ ಕೋಣೆ ಸಿಕ್ಕಿತು. ಚಪ್ಪಲಿ ಅಂಗಡಿಯ ಮೇಲಿನದು, ಒಂದೇ ಕಿಟಕಿಯದು. ಹೊರಡುವ ಬೆಳಿಗ್ಗೆ ಅಪ್ಪ ಬಾಗಿಲಲ್ಲಿ ನಿಂತು, ಈ ಮನೆಯಲ್ಲಿ ಏನು ಕಡಿಮೆಯಾಗಿತ್ತು, ಯಾತಕ್ಕೆ ಹೋಗ್ತೀಯ ಎಂದರು. ಅತ್ತೆ ಆ ಪ್ರಶ್ನೆಗೆ ಉತ್ತರ ಕೊಡದಿರುವ ಸುಖವನ್ನು, ಪೆಟ್ಟಿಗೆಯನ್ನು ವ್ಯಾನಿಗೇರಿಸುತ್ತ, ಹಗ್ಗ ಬಿಗಿಯುತ್ತ, ಬೇಕೆಂದೇ ನಿಧಾನವಾಗಿ ಅನುಭವಿಸಿದಳು. ಅಪ್ಪನ ದನಿ ಇಳಿಯಿತು.

‘ಒಬ್ಬಳೇ ಇರೋಕೆ ಬರುತ್ತೇನೇ ನಿಂಗೆ?’

ಹುಟ್ಟಿದಾಗಿನಿಂದ ಅವಳು ಬೇರಾರೂ ಇಲ್ಲದ ಮನೆಯಲ್ಲಿ ಒಂದು ರಾತ್ರಿಯನ್ನೂ ಕಳೆದವಳಲ್ಲ. ಬಿಗಿದಾಗಿದ್ದ ಹಗ್ಗದ ಗಂಟನ್ನೇ ಅವಳ ಕೈ ಬಿಚ್ಚಿ ಮತ್ತೆ ಬಿಗಿಯುತ್ತಿದ್ದುದನ್ನು ಹತ್ತಿರ ನಿಂತಿದ್ದ ನಾನು ಕಂಡೆ.

‘ಬರುತ್ತೆ’ ಎಂದಳು.

ನಮ್ಮ ನುಡಿಯಲ್ಲಿ ಈಜು ಬರುತ್ತೆ ಎಂದರೆ ಈಗಾಗಲೇ ಬಲ್ಲೆ ಎಂದರ್ಥ. ಬಸ್ಸು ಬರುತ್ತೆ ಎಂದರೆ ಇನ್ನೂ ಬಂದಿಲ್ಲ ಎಂದರ್ಥ. ನಾವು ಬಹುಪಾಲು ಜನ ಮೊದಲ ಅರ್ಥ ಕೈಗೂಡುವವರೆಗೆ ತುಟಿ ಬಿಚ್ಚುವುದಿಲ್ಲ, ಹಾಗೆಯೇ ಮುದುಕರಾಗುತ್ತೇವೆ. ಅತ್ತೆಯಂಥವರು ಎರಡನೆಯ ಅರ್ಥದಲ್ಲಿ ಮಾತು ಕೊಟ್ಟು ಮೊದಲನೆಯದರಲ್ಲಿ ತೀರಿಸುತ್ತಾರೆ. ನಡುವೆ ಒಂದು ಕೋಟು ಕೆಡುತ್ತದೆ, ಒಂದು ಕಂಬ ಉರುಳುತ್ತದೆ, ಒಂದು ಕೈ ಬಿಗಿದ ಗಂಟನ್ನೇ ಮತ್ತೆ ಬಿಗಿಯುತ್ತದೆ. ಯಾತಕ್ಕೆ ಎಂದು ಅವರು ಯಾರಿಗೂ ಹೇಳಬೇಕಾಗಿಲ್ಲ.