ಗುಡ್ ಫ್ರೈಡೇಗೆ ತೆರೆದ ಗಾಳಿಕಿಂಡಿ

ನಿಮ್ಮ ಮನೆಯ ನೆಲ ನಡೆಯುವಾಗ ಜಗ್ಗುತ್ತದೆಯೇ? ಕಪಾಟು ತೆರೆದರೆ ಮುಗ್ಗಲು ವಾಸನೆ ಹೊಡೆಯುತ್ತದೆಯೇ? ನಮ್ಮ ಟೆನೆಸ್ಸೀ ಬೆಟ್ಟದ ಬದಿಯಲ್ಲಿ ಇದು ಮನೆಮನೆಯ ಕಥೆ. ವಾಸನೆಗೆ ಪರಿಮಳದ ಮೇಣದಬತ್ತಿ ಹಚ್ಚುತ್ತೇವೆ, ಜಗ್ಗುವ ಕಡೆ ಕಾರ್ಪೆಟ್ ಹಾಸುತ್ತೇವೆ, ಸುಮ್ಮನಾಗುತ್ತೇವೆ. ನನ್ನ ಪಕ್ಕದ ಮನೆಯ ಡಾಯ್ಲ್ ಕೂಡ ಅದನ್ನೇ ಮಾಡಿದ.

ಡಾಯ್ಲ್‌ನ ಅತ್ತೆ ಐಡೆಲಾ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಳು. ಅಲ್ಲಿಂದ ನೇರ ಮಗಳ ಮನೆಗೇ ಬರುವುದು ಎಂದಾಯಿತು. ಅವಳಿಗೆಂದು ಹಿಂದಿನ ಕೋಣೆ ಖಾಲಿ ಮಾಡಿದರು. ಆ ಕೋಣೆಯಲ್ಲೇ, ಕಿಟಕಿಯ ಬಳಿ, ನೆಲ ಮೆತ್ತಗಾಗಿತ್ತು. ಅಮ್ಮ ಇನ್ನೊಂದು ಸಲ ಬಿದ್ದರೆ ಮತ್ತೆ ಏಳುವುದಿಲ್ಲ ಎಂದು ಡಾಯ್ಲ್‌ನ ಹೆಂಡತಿ ನೆಟ್ಟಿ ನನ್ನ ಮುಂದೆ ಅತ್ತಳು.

ನಾನು ಕೌಂಟಿಯ ಗೃಹಸಲಹಾ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು. ನಮ್ಮ ಕಡೆಯ ಮನೆಗಳ ರೀತಿ ನಿಮಗೂ ಗೊತ್ತು: ಸುತ್ತ ಇಟ್ಟಿಗೆಯ ಪಾಯ, ಅದರ ಮೇಲೆ ಮರದ ತೊಲೆ, ಕೆಳಗೆ ತೆವಳಿಕೊಂಡು ಹೋಗುವಷ್ಟೇ ಸಂದು. ಆ ಸಂದಿಗೆ ಇಳಿದು ನೋಡಿದ್ದೀಯಾ ಎಂದು ಡಾಯ್ಲ್‌ನನ್ನು ಕೇಳಿದೆ. ನೋಡುವುದೇನಿದೆ ಎಂದ. ಗುಡ್ ಫ್ರೈಡೇ ದಿನ ಬೀನ್ಸ್ ಬಿತ್ತಿ, ಅದೇ ಕೈಯಲ್ಲಿ ಪಾಯದ ಗಾಳಿಕಿಂಡಿಗಳನ್ನೆಲ್ಲ ತೆರೆಯುವುದು, ಮೊದಲ ಹಿಮ ಕಂಡಾಗ ಮುಚ್ಚುವುದು. ಇದು ಅವರ ಮನೆತನದ ಪದ್ಧತಿಯಂತೆ.

"ಗಾಳಿ ಆಡಿದ್ರೆ ಒಣಗುತ್ತೆ ಅಂತ ಎಳೇ ಮಗೂಗೂ ಗೊತ್ತು, ಅಕ್ಕಾ. ಕಚೇರೀಲಿ ಕೂತೋರಿಗೆ ಗೊತ್ತಿಲ್ಲ ಅಷ್ಟೆ."

ನನಗೆ ಮೈಯೆಲ್ಲ ಉರಿಯಿತು. "ನಿಮ್ಮಪ್ಪನ ಕಾಲದಲ್ಲಿ ಈ ಮನೇಲಿ ಎಸಿ ಇತ್ತೇನಪ್ಪಾ?" ಎಂದೆ.

ಜಗಲಿಯಲ್ಲಿ ಕೂತಿದ್ದೆವು. ಅವನ ಕೈಯಲ್ಲಿ ಐಸ್ ಹಾಕಿದ ಸಿಹಿ ಚಹಾ ಇತ್ತು, ಲೋಟದ ಹೊರಮೈಯಿಂದ ನೀರು ಇಳಿಯುತ್ತಿತ್ತು. ಲೋಟ ಸೋರುತ್ತಿದೆಯೇ ಎಂದೆ. ಇಲ್ಲ ಎಂದ.

"ಅದು ಈ ಸೆಕೆ ಗಾಳಿಯ ನೀರು," ಎಂದೆ. "ತಣ್ಣಗಿರೋದು ಸಿಕ್ಕಿದ ಕಡೆ ಕೂತ್ಕೊಳ್ಳುತ್ತೆ. ನೀನು ಎಸಿ ಹಾಕಿ ನೆಲ, ತೊಲೆ ಎಲ್ಲ ತಣ್ಣಗೆ ಮಾಡ್ತೀಯ, ಕಿಂಡಿ ತೆಗೆದು ಈ ಗಾಳೀನ ಒಳಗೆ ಕರೀತೀಯ. ಬೇಸಿಗೆ ಪೂರ್ತಿ ಕೆಳಗೆ ಎಲ್ಲಾ ಬೆವರ್ತಾ ಇದೆ."

ಕೇಳಿದರೆ ತಾನೆ? ಅಂಗಡಿಯಿಂದ ಪ್ಲೈವುಡ್ ತಂದು ಮೆತ್ತಗಿದ್ದ ಕಡೆ ಬಡಿದ, ಮೇಲೆ ಕಾರ್ಪೆಟ್ ಹಾಸಿದ, ಮಂಚ ಹಾಕಿದ. ಬಂದು ನೋಡಿ ಎಂದು ನನ್ನನ್ನೂ ಕರೆದ. ಬಂಡೆಗಲ್ಲಿನ ಹಾಗಿದೆ ಎಂದು ತೋರಿಸಲು ತಾನೇ ಮಂಚದ ಮೇಲೆ ಧೊಪ್ಪನೆ ಕೂತ. ಮಂಚದ ಒಂದು ಕಾಲು ಪ್ಲೈವುಡ್ ಸಮೇತ ಕೆಳಗಿಳಿಯಿತು, ಡಾಯ್ಲ್ ಹೋಗಿ ಗೋಡೆಗೆ ಬಡಿದುಕೊಂಡ. ನನಗೆ ನಗು ಬಂತು. ನೆಟ್ಟಿಯ ಮುಖ ನೋಡಿ ನುಂಗಿಕೊಂಡೆ.

"ಇದರ ಮೇಲೆ ಮಲಗಬೇಕಾಗಿದ್ದೋಳು ನಮ್ಮಮ್ಮ," ಎಂದಳು ಅವಳು.

ಡಾಯ್ಲ್ ಟಾರ್ಚು ತೆಗೆದುಕೊಂಡು ಮನೆಯಡಿಗೆ ತೆವಳಿದ. ಹೊರಬಂದಾಗ ಅವನ ಮುಷ್ಟಿಯಲ್ಲಿ ತೊಲೆಯ ತುಂಡೊಂದಿತ್ತು, ಹಿಚುಕಿದರೆ ಮೆಕ್ಕೆಜೋಳದ ಬ್ರೆಡ್ಡಿನ ಹಾಗೆ ಪುಡಿಯಾಗುತ್ತಿತ್ತು. ಎಲ್ಲ ತೊಲೆಗೂ ಬೂಷ್ಟು ಹಿಡಿದಿದೆ, ಇವತ್ತೇ ಯಾರನ್ನಾದರೂ ಕರೆಸಿ ಜಾಕ್ ಕೊಟ್ಟು ಮನೆ ಎತ್ತಿಸುತ್ತೇನೆ ಎಂದ. ನಾನು ತಡೆದೆ. ಸದ್ಯಕ್ಕೆ ತೊಲೆಗಳಿಗೆ ಆಸರೆ ಕೊಡು, ಆ ಕೋಣೆಗೆ ಬೀಗ ಹಾಕು. ಆದರೆ ಮೊದಲು ನೀರು ನಿಲ್ಲಿಸಬೇಕು, ಆಮೇಲೆ ಮರ, ಕೊನೆಗೆ ಪಾಯ. ತೇವ ಹಾಗೇ ಇದ್ದರೆ ಹೊಸ ತೊಲೆಯೂ ಕೊಳೆಯುತ್ತದೆ ಎಂದೆ.

ಇಬ್ಬರೂ ಮನೆ ಸುತ್ತಿದೆವು. ಮಾಡಿನ ನೀರಿನ ಕೊಳವೆ ಆ ಕೋಣೆಯ ಮೂಲೆಯಲ್ಲೇ, ಪಾಯದ ಬುಡಕ್ಕೇ ಸುರಿಯುತ್ತಿತ್ತು. ಬಟ್ಟೆ ಒಣಗಿಸುವ ಯಂತ್ರದ ಬಿಸಿ ಆವಿಯನ್ನೂ ಪುಣ್ಯಾತ್ಮ ಮನೆಯಡಿಗೇ ಬಿಟ್ಟಿದ್ದ! ಕೊಳವೆಯನ್ನು ಇಳಿಜಾರಿಗೆ ಉದ್ದ ಮಾಡಿಸಿದ, ಆವಿಯನ್ನು ಹೊರಗೆ ಬಿಟ್ಟ. ಕೆಳಗೆ ಒಣಗಿದ ಮೇಲೆ ಬಡಗಿ ಬಂದು ಕೊಳೆತ ಮರ ತೆಗೆದು ಹೊಸದು ಕೂಡಿಸಿದ. ಮಣ್ಣಿನ ಮೇಲೆಲ್ಲ ದಪ್ಪ ಪ್ಲಾಸ್ಟಿಕ್ ಹಾಸಿ, ಕಿಂಡಿಗಳನ್ನು ಭದ್ರವಾಗಿ ಮುಚ್ಚಿ, ಪಸೆ ಹೀರುವ ಯಂತ್ರ ಇಟ್ಟರು. ಪಾಯದ ಇಟ್ಟಿಗೆಯಲ್ಲಿ ಮೆಟ್ಟಿಲಿನ ಹಾಗೆ ಏರಿದ ಬಿರುಕೊಂದಿತ್ತು. ಅದನ್ನು ದುರಸ್ತಿ ಕೆಲಸ ಹಿಡಿದು ದುಡ್ಡು ಮಾಡುವವರಿಗಲ್ಲ, ಬರಿಯ ಸಲಹೆ ಕೊಡುವ ಎಂಜಿನಿಯರ್‌ಗೆ ತೋರಿಸಿದೆವು. ಮೂಲೆ ನೀರಿಗೆ ಕುಸಿದಿದೆ, ಒಂದು ಆಧಾರಕಂಬ ಸಾಕು ಎಂದರು. ಡಾಯ್ಲ್ ಅದನ್ನೂ ಹಾಕಿಸಿದ.

ಇಷ್ಟಕ್ಕೆಲ್ಲ ಸಮಯ ಹಿಡಿಯಿತು. ಐಡೆಲಾ ಆಸ್ಪತ್ರೆಯಿಂದ ಆರೈಕೆ ಕೇಂದ್ರಕ್ಕೆ ಹೋಗಿ, ಅಲ್ಲಿಯವರೆಗೆ ಅಲ್ಲೇ ಇದ್ದು, ಎಲೆ ಉದುರುವ ಹೊತ್ತಿಗೆ ವಾಕರ್ ಹಿಡಿದು ಬಂದಳು. ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟಳು.

"ಕಿಟಕಿ ಹತ್ರ ಹೋಗಲ್ಲಪ್ಪ ನಾನು. ಹೋದ ಸಲ ಬಂದಾಗ್ಲೇ ನೋಡಿದೀನಿ, ಅಲ್ಲಿ ಕಾಲು ಹೂತುಹೋಗುತ್ತೆ."

"ಈಗ ಹೂತುಹೋಗಲ್ಲ ಅತ್ತೆ," ಎಂದ ಡಾಯ್ಲ್. "ಇವತ್ತು ಬೆಳಗ್ಗೆ ಕೂಡ ಕೆಳಗಿಳಿದು ನೋಡ್ಕೊಂಡು ಬಂದಿದೀನಿ."

ಐಡೆಲಾ ಅಳಿಯನ ಮುಖವನ್ನೇ ನೋಡಿದಳು. ಆಮೇಲೆ ಮಗಳ ಕೈ ಬಿಡಿಸಿಕೊಂಡು ಕಿಟಕಿಯ ತನಕ ಒಬ್ಬಳೇ ನಡೆದಳು. ನೆಲ ಅಲುಗಲಿಲ್ಲ.

ಮನೆಯ ಯಜಮಾನರೇ, ಯಜಮಾನಿಯರೇ, ಸೆಕೆಗಾಲದಲ್ಲಿ ಕಿಂಡಿ ತೆರೆದರೆ ಮನೆಯಡಿ ಒಣಗುವುದಿಲ್ಲ, ನೆನೆಯುತ್ತದೆ. ಮಾಡಿನ ನೀರನ್ನು ಪಾಯದಿಂದ ದೂರ ಕಳಿಸಿ, ಬರಿ ಮಣ್ಣನ್ನು ಮುಚ್ಚಿ. ಮನೆ ಬೆಚ್ಚಗಿಡುವ ಗ್ಯಾಸಿನ ಯಂತ್ರ ಕೆಳಗಿದ್ದರೆ, ಅದಕ್ಕೆ ಗಾಳಿ ಬೇಕು, ತಿಳಿದವರನ್ನು ಕೇಳದೆ ಕಿಂಡಿ ಮುಚ್ಚಬೇಡಿ. ಬಿರುಕಿನ ತುದಿಗೆ ಪೆನ್ಸಿಲ್ ಗುರುತು ಹಾಕಿಡಿ, ಅದನ್ನು ದಾಟಿ ಬೆಳೆದರೆ ಎಂಜಿನಿಯರನ್ನು ಕರೆಸಿ. ಈ ಶನಿವಾರವೇ ಟಾರ್ಚು ಹಿಡಿದು ನಿಮ್ಮ ಮನೆಯಡಿಗೆ ತೆವಳಿ. ಬಟ್ಟೆ ಕೊಳೆಯಾದರೆ ಒಗೆದುಕೊಳ್ಳಬಹುದು. ಮೇಲೆ ನಡೆದಾಡುವವರು ನಿಮ್ಮವರು.